ಫೈರ್‌ವಾಲ್ ಕಲಿಯಲು ಹಳೆ ಲ್ಯಾಪ್‌ಟಾಪ್ ಸಾಕು

ಮಾನ್ಯರೇ,

ಸೈಬರ್ ಸೆಕ್ಯುರಿಟಿ ಕಲಿಯಲು ದುಬಾರಿ ಉಪಕರಣ ಬೇಕು ಅಂತ ಎಷ್ಟೋ ಹುಡುಗರು ಸುಮ್ನೆ ಹಿಂದೆ ಸರಿಯುತ್ತಾರೆ. ಬೇಕಿಲ್ಲ. 8 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪ್ ಸಾಕು. ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರ್‌ಗಳನ್ನು ನಡೆಸುವ ತಂತ್ರಾಂಶ) ಉಚಿತ, ನೆಟ್‌ವರ್ಕ್‌ನ ಒಳಗೆ-ಹೊರಗೆ ಹೋಗುವುದನ್ನು ಸೋಸುವ ಕಾವಲುಗಾರನಾಗಿ ಅದರೊಳಗೆ ಹಾಕುವ ಓಪಿಎನ್‌ಸೆನ್ಸ್ ಫೈರ್‌ವಾಲ್ ಕೂಡ ಉಚಿತ. ಅದಕ್ಕೆ ಎರಡು ನೆಟ್‌ವರ್ಕ್ ಅಡಾಪ್ಟರ್ ಕೊಡಿ: ಹೊರಗಿನದು ನ್ಯಾಟ್ (ಲ್ಯಾಪ್‌ಟಾಪ್ ಮೂಲಕ ಇಂಟರ್ನೆಟ್‌ಗೆ ಹೋಗುವ ದಾರಿ), ಒಳಗಿನದು ಇಂಟರ್ನಲ್ ನೆಟ್‌ವರ್ಕ್ (ವರ್ಚುವಲ್‌ಬಾಕ್ಸ್ ಒಳಗಿನ ಯಂತ್ರಗಳ ನಡುವೆ ಮಾತ್ರ ಇರುವ ಜಾಲ). ದಾಳಿ ಅಭ್ಯಾಸದ ಯಂತ್ರಗಳೆಲ್ಲ ಒಳಗಿನದರಲ್ಲೇ ಇರಲಿ, ಅವನ್ನು ಮನೆಯ ವೈಫೈಗೆ ಸೇರಿಸಲೇಬೇಡಿ, ಅಪ್ಪನ ಬ್ಯಾಂಕ್ ಆ್ಯಪ್ ಇರುವ ಫೋನೂ ಅದೇ ವೈಫೈನಲ್ಲಿ ಇರುತ್ತದೆ ಅಲ್ವಾ?

ನಾನು ಮೊದಲ ಸಲ ಹೊರಗಿನ ಅಡಾಪ್ಟರನ್ನು ಬ್ರಿಡ್ಜ್ ಮಾಡಿದ್ದೆ, ಅಂದರೆ ನೇರವಾಗಿ ಮನೆಯ ನೆಟ್‌ವರ್ಕ್‌ಗೆ ಸೇರಿಸಿದ್ದೆ. ರೂಟರ್ ವಿಳಾಸ 192.168.1.1, ಫೈರ್‌ವಾಲ್‌ನ ಒಳವಿಳಾಸವೂ ಅದೇ! ಎರಡೂ ವಿಳಾಸ ಡಿಕ್ಕಿ ಹೊಡೆದು ಒಂದಿಡೀ ಸಂಜೆ ಇಂಟರ್ನೆಟ್ ಬರಲಿಲ್ಲ. ಒಳವಿಳಾಸವನ್ನು 10.10.10.1 ಮಾಡಿದ ಮೇಲೆ ಪಿಂಗ್‌ಗೆ (ಸಂಪರ್ಕ ಇದೆಯಾ ಅಂತ ನೋಡುವ ಆದೇಶ) ಉತ್ತರ ಬಂತು.

ಇಂಥ ಪಾಠಗಳು ಕನ್ನಡದಲ್ಲಿ ಜಾಸ್ತಿ ಸಿಗುವುದಿಲ್ಲ. ವಾರಕ್ಕೊಮ್ಮೆ ನಿಮ್ಮ ಪತ್ರಿಕೆಯಲ್ಲಿ ಒಂದು ಅಂಕಣ ಕೊಡಿ.

– ಓದುಗ, ತುಮಕೂರು