ಶಾಸಕರೇ, ನೀವು ಕೈ ತೊಳೆದ ಸೋಪು ಬೀರುವಿನಲ್ಲಿದೆ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ವರ್ಷ ಶಾಲೆ ಶುರುವಾದ ಹೊಸದರಲ್ಲಿ ನೀವು ನಮ್ಮೂರಿನ ಸರ್ಕಾರಿ ಶಾಲೆಗೆ ಬಂದಿದ್ದಿರಿ. ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು ಬಿಸಿಯೂಟ ಮಾಡಿದಿರಿ. ಸಾರು ಚೆನ್ನಾಗಿದೆ ಅಂದಿರಿ. ಅಡುಗೆಯವರು ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತಾರೆ. ನೀವು ಕೂರುವ ಮೊದಲು ಒಬ್ಬ ಹುಡುಗ ಜಗ್ಗಿನಿಂದ ನಿಮ್ಮ ಕೈಗೆ ನೀರು ಹಾಕಿದ. ಒಬ್ಬ ಹುಡುಗಿ ಹೊಸ ಸೋಪಿನ ಕವರ್ ಬಿಚ್ಚಿ ಕೊಟ್ಟಳು. ಅವಳು ನನ್ನ ಮಗಳು. ಇನ್ನೊಬ್ಬ ಟವೆಲ್ ಹಿಡಿದು ನಿಂತಿದ್ದ.

ನಿಮ್ಮ ಕಾರು ಹೊರಟ ಮೇಲೆ ಆ ಸೋಪನ್ನು ಒರೆಸಿ, ಅದೇ ಕವರಿಗೆ ಹಾಕಿ ಬೀರುವಿನಲ್ಲಿಟ್ಟರು. ಇನ್ಯಾರಾದರೂ ದೊಡ್ಡವರು ಬಂದರೆ ಬೇಕಾಗುತ್ತದಲ್ವಾ. ನಾನು ಆ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಅಲ್ಲೇ ನಿಂತು ನೋಡುತ್ತಿದ್ದೆ, ಏನೂ ಅನ್ನಲಿಲ್ಲ. ಹಾಗಾಗಿ ಮಕ್ಕಳ ಕೈಗೆ ಸೋಪಿಲ್ಲ ಅನ್ನುವ ಈ ದೂರಿನಲ್ಲಿ ನನ್ನ ಪಾಲೂ ಇದೆ.

ನಮ್ಮ ಶಾಲೆಯಲ್ಲಿ ಕೈ ತೊಳೆಯುವ ಕಟ್ಟೆ ಇಲ್ಲ ಅಂತಲ್ಲ. ಚೆನ್ನಾಗಿರುವುದೇ ಇದೆ. ನೀಲಿ ಟೈಲ್ಸ್, ಎಂಟು ನಲ್ಲಿ, ಗೋಡೆ ಮೇಲೆ ಕೈ ತೊಳೆಯುವುದು ಹೇಗೆ ಅನ್ನುವ ಚಿತ್ರ, ಪಕ್ಕದಲ್ಲಿ ಉದ್ಘಾಟನೆಯ ಕಲ್ಲು. ಎಂಟು ನಲ್ಲಿಗಳಲ್ಲಿ ಈಗ ನೀರು ಬರುವುದು ಎರಡರಲ್ಲಿ. ಮಕ್ಕಳು ಎಂಬತ್ತು. ಸೋಪು ಹಚ್ಚಿ ಉಜ್ಜುವುದಕ್ಕೇ 20 ಸೆಕೆಂಡ್ ಬೇಕು. ತೊಳೆಯುವುದೂ ಸೇರಿ ಒಂದು ಮಗುವಿಗೆ ಅರ್ಧ ನಿಮಿಷ ಅಂತಿಟ್ಟುಕೊಳ್ಳಿ. ಕೊನೆಯ ಮಗುವಿನ ಸರದಿ ಬರುವಷ್ಟರಲ್ಲಿ 20 ನಿಮಿಷ. ಅತ್ತ ಅನ್ನ ಬಡಿಸುತ್ತಿದ್ದಾರೆ, ಘಮ ಬರುತ್ತಿದೆ. ಬೆಳಿಗ್ಗೆ ಹಾಲು ಕುಡಿದು ಬಂದ ಮಗು ಅಷ್ಟು ಹೊತ್ತು ಕಾಯುತ್ತದಾ? ಬೆರಳ ತುದಿ ಒದ್ದೆ ಮಾಡಿಕೊಂಡು ಓಡುತ್ತದೆ. ನಾನಾಗಿದ್ದರೂ ಓಡುತ್ತಿದ್ದೆ.

ಮಕ್ಕಳನ್ನು ಬಿಡಿ, ದೊಡ್ಡವರನ್ನೇ ನೋಡಿ. ನೀವು ವಾರಕ್ಕೆ ನಾಲ್ಕು ಮದುವೆಗೆ ಹೋಗುತ್ತೀರಿ. ಮುಂದಿನ ಸಲ ಛತ್ರದಲ್ಲಿ ಕೈ ತೊಳೆಯುವ ಜಾಗದ ಹತ್ತಿರ ಐದು ನಿಮಿಷ ನಿಂತುಕೊಳ್ಳಿ. ಊಟಕ್ಕೆ ಮುಂಚೆ ಜನ ನಲ್ಲಿ ತಿರುಗಿಸಿ ಬಲಗೈ ಒಂದನ್ನೇ ನೀರಿಗೆ ಒಡ್ಡಿ ಝಾಡಿಸಿಕೊಂಡು ಹೋಗುತ್ತಾರೆ. ಊಟ ಆದ ಮೇಲೆ ಸೋಪಿಗೆ ಕಿತ್ತಾಟ. ತುಪ್ಪದ ಜಿಡ್ಡು ಹೋಗಬೇಕು, ಸಾರಿನ ವಾಸನೆ ಹೋಗಬೇಕು. ಹೊಟ್ಟೆಗೆ ಹೋಗುವ ಕೈಗೆ ಬರೀ ನೀರು, ಹೊಟ್ಟೆ ತುಂಬಿದ ಕೈಗೆ ಸೋಪು! ಇದು ನಮ್ಮ ಕಡೆಯ ಅಭ್ಯಾಸ ಮಾತ್ರ ಅಲ್ಲ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಊಟಕ್ಕೆ ಮುಂಚೆ ಸೋಪು ಬಳಸುವ ಮನೆಗಳು ಶೇ. 35.8 ಮಾತ್ರ. ಶೌಚದ ನಂತರ ಸೋಪು ಬಳಸುವ ಮನೆಗಳು ಶೇ. 74.1. ಅಂದರೆ ಜನರಿಗೆ ಸೋಪು ಗೊತ್ತಿಲ್ಲ ಅಂತಲ್ಲ. ಕಣ್ಣಿಗೆ ಕಂಡ, ಮೂಗಿಗೆ ಬಡಿದ ಕೊಳೆಗೆ ಮಾತ್ರ ಸೋಪು ನೆನಪಾಗುತ್ತದೆ.

ನೀರೇ ಸಾಕಲ್ವಾ ಅಂತ ನಮ್ಮ ಸಭೆಯಲ್ಲೂ ಒಬ್ಬರು ಕೇಳಿದರು. ಬೋಂಡಾ ಕರಿದ ಬಾಣಲೆಯನ್ನು ಬರೀ ನೀರಿನಲ್ಲಿ ತೊಳೆದು ನೋಡಿ ಅಂದೆ. ನಮ್ಮ ಚರ್ಮದ ಮೇಲೂ ತೆಳುವಾಗಿ ಜಿಡ್ಡು ಇರುತ್ತದೆ. ರೋಗಾಣು ಅದಕ್ಕೆ ಅಂಟಿಕೊಂಡಿರುತ್ತದೆ. ಸೋಪು ಆ ಜಿಡ್ಡನ್ನು ಎಬ್ಬಿಸುತ್ತದೆ, ಆಮೇಲೆ ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಕೊರೊನಾ ಥರದ ವೈರಸ್‌ಗಳಿಗೆ ಹೊದಿಕೆಯೇ ಕೊಬ್ಬಿನದು, ಸೋಪು ತಾಗಿದರೆ ಅದು ಒಡೆದುಹೋಗುತ್ತದೆ. ಆಗ ಕೊಟ್ಟ ಸ್ಯಾನಿಟೈಸರ್ ಸ್ಟ್ಯಾಂಡ್ ಇನ್ನೂ ಆಫೀಸ್ ರೂಮಿನ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಅದನ್ನು ತುಂಬಿಸಿ ಅಂತ ನಾನು ಕೇಳುತ್ತಿಲ್ಲ. ಮಣ್ಣಿನಲ್ಲಿ ಆಡಿ ಬಂದ ಕೈಗೆ ಸ್ಯಾನಿಟೈಸರ್ ಪ್ರಯೋಜನಕ್ಕೆ ಬರುವುದಿಲ್ಲ, ಜಂತುಹುಳದ ಮೊಟ್ಟೆಗಂತೂ ಅದು ಲೆಕ್ಕಕ್ಕೇ ಇಲ್ಲ.

ಜಂತುಹುಳ ಅಂದಾಗ ನೆನಪಾಯಿತು. ಶಾಲೆಯಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ಒಳ್ಳೆಯದೇ. ಮಾತ್ರೆ ಹೊಟ್ಟೆಯಲ್ಲಿರುವ ಹುಳವನ್ನು ಕೊಲ್ಲುತ್ತದೆ. ಉಗುರಿನ ಸಂದಿಯಲ್ಲಿ ಕೂತ ಮೊಟ್ಟೆಯನ್ನು ಅದು ಏನು ಮಾಡೀತು? ಮಾತ್ರೆ ನುಂಗಿದ ದಿನವೇ, ಅದೇ ಕೈಯಲ್ಲಿ ಅನ್ನ ಕಲಸಿದರೆ ಹೊಸ ಹುಳಕ್ಕೆ ದಾರಿ ಆಯಿತು.

ಇಷ್ಟು ಸಣ್ಣ ವಿಷಯಕ್ಕೆ ಶಾಸಕರಿಗೆ ಪತ್ರವಾ ಅಂತ ನಿಮ್ಮ ಆಪ್ತ ಸಹಾಯಕರಿಗೆ ಅನ್ನಿಸಬಹುದು. ಅವರಿಗೆ ಕರಾಚಿಯ ವಿಷಯ ಹೇಳಿ. ಅಲ್ಲಿನ ಬಡ ಬಡಾವಣೆಗಳ ಮನೆಗಳಿಗೆ ಸೋಪು ಕೊಟ್ಟು, ವಾರ ವಾರ ಹೋಗಿ ಹೇಳಿಕೊಟ್ಟು, ಏನಾಗುತ್ತದೆ ಅಂತ ಒಂದು ವರ್ಷ ನೋಡಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಸುಮಾರು ಅರ್ಧಕ್ಕೆ ಇಳಿದಿತ್ತು. ಭೇದಿಯೂ ಸುಮಾರು ಅರ್ಧ ಕಡಿಮೆಯಾಗಿತ್ತು. ನನಗೆ ಇಷ್ಟವಾಗಿದ್ದು ಇನ್ನೊಂದು ಮಾತು. ಕೆಲವು ಮನೆಗೆ ಸಾದಾ ಸೋಪು, ಕೆಲವು ಮನೆಗೆ ರೋಗಾಣು ಕೊಲ್ಲುವ ಸೋಪು ಕೊಟ್ಟಿದ್ದರು. ಎರಡೂ ಅಷ್ಟೇ ಕೆಲಸ ಮಾಡಿದವು. ಟಿವಿ ಜಾಹೀರಾತಿನ ಸೋಪೇ ಆಗಬೇಕಿಲ್ಲ, ಯಾವುದಾದರೂ ಸರಿ.

ನಾವೂ ಸುಮ್ನೆ ಕೂರಲಿಲ್ಲ. ನಾಲ್ಕೈದು ತಾಯಂದಿರು ದುಡ್ಡು ಹಾಕಿ ಹತ್ತು ರೂಪಾಯಿಯ ಸೋಪುಗಳನ್ನು ತಂದು ಕಟ್ಟೆ ಮೇಲಿಟ್ಟೆವು. ಮಾರನೇ ದಿನ ಒಂದೂ ಇಲ್ಲ. ಮಕ್ಕಳನ್ನು ಕೇಳಿದರೆ, 'ಕಾಗೆ ಎತ್ಕೊಂಡು ಹೋಯ್ತು ಮಿಸ್' ಅಂದರು. ನಾವು ನಂಬಲಿಲ್ಲ, ಗದರಿದೆವು. ಆಮೇಲೆ ನಮ್ಮ ಕಣ್ಣೆದುರಿಗೇ ಒಂದು ಕಾಗೆ ಸೋಪು ಕಚ್ಚಿಕೊಂಡು ಹುಣಸೆಮರಕ್ಕೆ ಹಾರಿತು! ಮಕ್ಕಳ ಕ್ಷಮೆ ಕೇಳಿದ್ದಾಯಿತು. ಹಳೇ ಕಾಲುಚೀಲದೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟಿದೆವು. ಅದನ್ನು ಕಾಗೆ ಒಯ್ಯಲಿಲ್ಲ, ಆದರೆ ಬೇಗ ಕರಗುತ್ತದೆ. ಬಾಂಗ್ಲಾದೇಶದಲ್ಲಿ ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಬಳಸುತ್ತಾರೆ. ಈಗ ನಾವೂ ಹಾಗೇ ಮಾಡುತ್ತಿದ್ದೇವೆ. ಖರ್ಚು ತೀರಾ ಕಡಿಮೆ. ಕಾಗೆಗೂ ಅದರಲ್ಲಿ ಆಸಕ್ತಿ ಇಲ್ಲ.

ಆದರೆ ಎಷ್ಟು ದಿನ? ನಾಲ್ಕು ತಾಯಂದಿರ ಉತ್ಸಾಹದ ಮೇಲೆ ಶಾಲೆ ನಡೆಯಬಾರದು. ನಿಮ್ಮ ಪ್ರದೇಶಾಭಿವೃದ್ಧಿ ನಿಧಿ ಕಟ್ಟುವ ಕೆಲಸಕ್ಕೆ, ಅದು ನನಗೆ ಗೊತ್ತು. ಅದರಲ್ಲಿ ನಲ್ಲಿಗಳನ್ನು ಸರಿ ಮಾಡಿಸಬಹುದಾ ನೋಡಿ. ಒಂದನೇ ಕ್ಲಾಸಿನ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಎರಡು ನಲ್ಲಿ ಹಾಕಿಸಿದರೆ ಇನ್ನೂ ಒಳ್ಳೆಯದು. ಸೋಪಿನದು ಬೇರೆ ಕಥೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಲ್ಲಿ ಶೇ. 10 ಸ್ವಚ್ಛತೆಗೆ ಅಂತ ಇದೆ. ನಮ್ಮಷ್ಟು ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ಅಂದರೆ ಸ್ವಚ್ಛತೆಗೆ 2,500. ಅದು ಪೊರಕೆ, ಫಿನಾಯಿಲ್, ಆಸಿಡ್‌ಗೇ ಮುಗಿದುಹೋಗುತ್ತದೆ. ಸರ್ಕಾರಿ ಯೋಜನೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ನೀವು ಬಿಸಿಯೂಟದ ವರದಿ ಕೇಳುತ್ತೀರಿ, ಅಕ್ಕಿ ಎಷ್ಟು, ಬೇಳೆ ಎಷ್ಟು, ಮೊಟ್ಟೆ ಎಷ್ಟು ಅಂತ. ಅದೇ ಉಸಿರಿನಲ್ಲಿ ಸೋಪು ಎಷ್ಟು ಅಂತಲೂ ಕೇಳಿ. ಎಣ್ಣೆ, ಉಪ್ಪಿನ ಥರ ಅದೂ ಊಟದ ಸಾಮಾನಿನ ಪಟ್ಟಿಯಲ್ಲಿ ಸೇರಲಿ, ಅದಕ್ಕೂ ಸ್ಟಾಕ್ ಪುಸ್ತಕದಲ್ಲಿ ಒಂದು ಕಾಲಂ ಬರಲಿ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಬೀರುವಿನ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ. ಶೌಚಾಲಯಗಳಲ್ಲೂ ಬಕೆಟ್ ಇದೆ, ಮಗ್ ಇದೆ, ಸೋಪಿಲ್ಲ. ಅದನ್ನೂ ಮರೆಯಬೇಡಿ.

ಮತ್ತೆ ನಮ್ಮ ಶಾಲೆಗೆ ಊಟಕ್ಕೆ ಬನ್ನಿ. ಮಂಗಳವಾರವೋ ಬುಧವಾರವೋ, ಯಾವತ್ತಾದರೂ ಸರಿ. ಮಕ್ಕಳ ಸಾಲಿನಲ್ಲೇ ನಿಂತು ನಲ್ಲಿಯಲ್ಲೇ ಕೈ ತೊಳೆಯಿರಿ. ಒಂದೇ ಕೋರಿಕೆ, ಬರುವ ವಿಷಯ ಮೊದಲೇ ಫೋನ್ ಮಾಡಿ ಹೇಳಬೇಡಿ. ಹೇಳಿದರೆ ಅವತ್ತು ಸೋಪು ಇರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಒಬ್ಬ ತಾಯಿ