ಮಗಳಿಗೊಂದು ಪತ್ರ: ಕ್ಯಾಂಡಿಯ ಲೆಕ್ಕ

ಪ್ರೀತಿಯ ಪುಟ್ಟಿ,

ನಿನ್ನ ಅಸೈನ್‌ಮೆಂಟ್ ರಾತ್ರಿಯೇ ಓದಿದೆ. ಚೆನ್ನಾಗಿದೆ. ಆದರೆ ಕ್ಯಾಂಡಿಯನ್ನು "ಪಾಪದ ಮುದುಕ" ಅಂತ ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀಯ. ಅಲ್ಲೇ ನನ್ನ ತಕರಾರು.

ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ಕಾದಂಬರಿ ಬಂದದ್ದು 1937ರಲ್ಲಿ. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಹತ್ತಿರದ ರ‍್ಯಾಂಚು. ಕ್ಯಾಂಡಿ ಬಲಗೈ ಕಳೆದುಕೊಂಡದ್ದು ಅಲ್ಲೇ. ಅದಕ್ಕೆ ಸಿಕ್ಕಿದ್ದು 250 ಡಾಲರ್ ಪರಿಹಾರ, ಈಗ ಕಸ ಗುಡಿಸುವ ಕೆಲಸ. ಅದೂ ಎಷ್ಟು ದಿನವೋ! ಅಮೆರಿಕದಲ್ಲಿ 1935ರಲ್ಲೇ ಮುಪ್ಪಿನ ಪಿಂಚಣಿಗೆ ಕಾನೂನು ಬಂದಿತ್ತು. ಆದರೆ ಹೊಲದ ಕೂಲಿಗಳನ್ನು ಅದರಿಂದ ಹೊರಗಿಟ್ಟಿದ್ದರು.

ನಾಯಿಯ ಪ್ರಸಂಗ ಇನ್ನೊಮ್ಮೆ ನಿಧಾನವಾಗಿ ಓದು. ಕ್ಯಾಂಡಿಯ ಮುದಿ ನಾಯಿಯ ವಾಸನೆ ತಡೆಯೋಕಾಗಲ್ಲ, ಕೊಂದುಬಿಡೋಣ ಅಂತಾನೆ ಜೊತೆ ಕೆಲಸಗಾರ ಕಾರ್ಲ್‌ಸನ್. ಕ್ಯಾಂಡಿ, ಎಲ್ಲರೂ ಮಾತು ಕೇಳುವ ಸ್ಲಿಮ್‌ನ ಮುಖ ನೋಡ್ತಾನೆ, ಅವನಾದರೂ ಬೇಡ ಅಂತಾನೇನೋ ಅಂತ. ಅವನು ಅನ್ನೋದಿಲ್ಲ. ನಾಯಿ ಹೋದ ಮೇಲೆ ಮುದುಕ ಸೂರು ನೋಡ್ತಾ ಮಲಗಿರ್ತಾನೆ. ಯಾರೋ ಮಾತು ತೆಗೀತಾರೆ, ಅದು ಅಲ್ಲೇ ಸಾಯುತ್ತೆ. ಇಸ್ಪೀಟು ಕಲೆಸುವ ಸದ್ದು. ನೆಲದಡಿ ಏನೋ ಕೆರೆಯುವ ಸದ್ದು. ಕೊನೆಗೆ ಗುಂಡಿನ ಸದ್ದು. ಆಗ ಗೋಡೆ ಕಡೆ ಮಗ್ಗುಲಾಗ್ತಾನೆ.

ಇಲ್ಲಿವರೆಗೆ ನೀನು ಬರೆದದ್ದು ಸರಿ. ಆದರೆ ಅದೇ ರಾತ್ರಿ ಕೂಲಿ ಗೆಳೆಯರಾದ ಜಾರ್ಜ್, ಲೆನ್ನಿ ತಾವು ಕೊಳ್ಳಬೇಕೆಂದಿರುವ ಜಮೀನಿನ ಮಾತಾಡೋದು ಅವನ ಕಿವಿಗೆ ಬೀಳುತ್ತೆ. ಬೆಲೆ 600 ಡಾಲರ್. ಮುದುಕ ತಕ್ಷಣ ಲೆಕ್ಕ ಒಪ್ಪಿಸ್ತಾನೆ: ಕೈ ಹೋದದ್ದಕ್ಕೆ ಬಂದ 250, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಇನ್ನೊಂದು 50. ಅಡುಗೆ ಮಾಡ್ತೀನಿ, ಕೋಳಿ ನೋಡ್ಕೊಳ್ತೀನಿ, ಸತ್ತರೆ ನನ್ನ ಪಾಲು ನಿಮಗೇ ಅಂತ ವಿಲ್ ಬರೀತೀನಿ ಅಂತಾನೆ. ನಾಯಿ ಸತ್ತು ಇನ್ನೂ ಒಂದು ರಾತ್ರಿ ಕಳೆದಿಲ್ಲ, ನೋಡು! ಇದು ಚೌಕಾಸಿ ಕಣೇ. ಹೋದ ಕೈಯ ದುಡ್ಡಿನಲ್ಲಿ, ಯಾರೂ ಎಬ್ಬಿಸದ ಒಂದು ಹಾಸಿಗೆ ಕೊಳ್ಳೋಕೆ ಹೊರಟಿದ್ದಾನೆ.

ಆಮೇಲೆ ಕೊಟ್ಟಿಗೆ. ಯಜಮಾನನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸತ್ತಿದ್ದಾಳೆ, ಹೆಣ ಎದುರಿಗಿದೆ. ಆಗಲೂ ಜಾರ್ಜ್‌ನನ್ನು ಕೇಳ್ತಾನೆ, ನಾವಿಬ್ಬರೇ ಆ ಜಾಗ ತಗೋಬಹುದಲ್ವಾ ಅಂತ. ಉತ್ತರ ಬರುವ ಮೊದಲೇ ತಲೆ ತಗ್ಗಿಸ್ತಾನೆ. ಜಾರ್ಜ್ ಹೋದ ಮೇಲೆ ಸತ್ತವಳಿಗೇ ಬಯ್ತಾನೆ, ಕೆಟ್ಟದಾಗಿ. ಇದನ್ನು ನೀನು ಬಿಟ್ಟೇಬಿಟ್ಟಿದ್ದೀಯ. ನಿನ್ನ ಪಾಪದ ಮುದುಕನಿಗೆ ಇದು ಹೊಂದೋದಿಲ್ಲ, ಅದಕ್ಕೇ ಅಲ್ವಾ?

ಎಲ್ಲರೂ ಲೆನ್ನಿಯನ್ನು ಹುಡುಕಿಕೊಂಡು ಹೊರಟಾಗ ಕ್ಯಾಂಡಿ ಹುಲ್ಲಿನ ಮೇಲೆ ಮಲಗಿ, ತೋಳಿನಿಂದ ಕಣ್ಣು ಮುಚ್ಚಿಕೊಳ್ತಾನೆ. ಯಾವ ತೋಳು ಅಂತ ಬರೆದಿಲ್ಲ. ನಾನಂತೂ ಪ್ರತಿ ಸಲ ಕೈಯಿಲ್ಲದ ತೋಳು ಅಂತಲೇ ಓದಿಕೊಳ್ತೀನಿ.

ನಿನ್ನ ಅಮ್ಮ