ಕ್ಯೂಆರ್ ಕೋಡ್ ಇದ್ದರೆ ಸಾಚಾ ಅಂತಲೇ?

ಸಂಪಾದಕರೇ,

ಮೊನ್ನೆ ಜೇನಿನ ಬಾಟಲಿ ಮೇಲಿದ್ದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದೆ. ಜೇನು ಯಾವತ್ತು ತೆಗೆದದ್ದು, ಯಾವ ಲ್ಯಾಬಲ್ಲಿ ಪರೀಕ್ಷೆ ಆದದ್ದು, ಯಾವ ಗೋದಾಮು ದಾಟಿ ಬಂದದ್ದು, ಎಲ್ಲ ತೆರೆದುಕೊಂಡಿತು. ಬ್ಲಾಕ್‌ಚೈನ್ ಅಂತೆ, ಅಂದರೆ ಹಲವರು ಹಂಚಿಕೊಂಡ ಡಿಜಿಟಲ್ ಲೆಕ್ಕದ ಪುಸ್ತಕ. ಖುಷಿಯಾಯಿತು. ಆಮೇಲೆ ಅನ್ನಿಸಿತು, ಈ ತಾರೀಖು ಟೈಪ್ ಮಾಡಿದ್ದು ಯಾರು?

ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದದ್ದನ್ನು ಗುಟ್ಟಾಗಿ ತಿದ್ದುವುದು ಬಹಳ ಕಷ್ಟ, ಯಾಕೆಂದರೆ ಅದೇ ಲೆಕ್ಕದ ಪ್ರತಿ ಹಲವರ ಕಂಪ್ಯೂಟರ್‌ನಲ್ಲಿರುತ್ತದೆ, ಒಂದೊಂದು ದಾಖಲೆಯೂ ಹಿಂದಿನದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಆದರೆ ಮೊದಲೇ ಸುಳ್ಳು ಬರೆದರೆ? ಆ ಸುಳ್ಳೂ ಅಷ್ಟೇ ಭದ್ರವಾಗಿ ಕೂತಿರುತ್ತದೆ, ಅಲ್ವಾ? ಸಕ್ಕರೆ ಪಾಕ ಬೆರೆಸಿದ ಜೇನನ್ನು ಬ್ಲಾಕ್‌ಚೈನ್ ಮೂಸಿ ನೋಡುವುದಿಲ್ಲ.

ಸುಮ್ನೆ ದೂರುತ್ತಿಲ್ಲ, ಇದರಿಂದ ಉಪಯೋಗವೂ ಇದೆ. ವಾಲ್‌ಮಾರ್ಟ್ ಮತ್ತು ಐಬಿಎಂ ನಡೆಸಿದ ಪ್ರಯೋಗದಲ್ಲಿ, ಹೆಚ್ಚಿದ ಮಾವಿನಹಣ್ಣಿನ ಪ್ಯಾಕೆಟ್ ಎಲ್ಲಿಂದ ಬಂತು ಅಂತ ಹುಡುಕಲು ಮೊದಲು ಸುಮಾರು 7 ದಿನ ಹಿಡಿದಿತ್ತು, ಬ್ಲಾಕ್‌ಚೈನ್ ಬಂದ ಮೇಲೆ 2.2 ಸೆಕೆಂಡ್ ಸಾಕಾಯಿತು. ಕೆಟ್ಟ ಮಾಲು ವಾಪಸ್ ತರಿಸುವಾಗ ಇದು ಸಣ್ಣ ಉಪಕಾರವಲ್ಲ.

ಕಂಪನಿಗಳು ಲೇಬಲ್ ಮೇಲೆ ಬ್ಲಾಕ್‌ಚೈನ್ ಅಂತ ದಪ್ಪಕ್ಷರದಲ್ಲಿ ಹಾಕುವ ಬದಲು, ಮಾಹಿತಿ ತುಂಬಿದವರು ಯಾರು, ಹೊರಗಿನವರು ಬಂದು ತಪಾಸಣೆ ಮಾಡಿದ್ದು ಯಾವಾಗ ಅನ್ನುವುದನ್ನು ತೋರಿಸಲಿ. ನನ್ನ ಬಾಟಲಿಯ ಕಥೆ ಕೇಳಿ: ಲ್ಯಾಬ್ ಹೆಸರೇನೋ ಇತ್ತು, ರಿಪೋರ್ಟ್ ಒತ್ತಿದರೆ ಖಾಲಿ ಪುಟ.

– ಒಬ್ಬ ಓದುಗ